‘ಡೋ’ಗೂ ‘ದೇಹ’ಕ್ಕೂ ನಂಟಿದೆಯೇ?

ಬ್ರೆಡ್ಡಿಗೆ, ಪಿಜ್ಜಾಕ್ಕೆ ನಾದಿಡುವ ಹಿಟ್ಟಿಗೆ ಇಂಗ್ಲಿಷಿನಲ್ಲಿ ‘ಡೋ’ ಅನ್ನುತ್ತಾರಲ್ಲ, ಅದೂ ಸಂಸ್ಕೃತದ ‘ದೇಹ’ವೂ ಒಂದೇ ಬೇರಿನವು ಎನ್ನುವುದು ನಿಜವೇ ಎಂದು ಗೆಳೆಯರೊಬ್ಬರು ಕೇಳಿದ್ದಾರೆ. ನಿಜ. ಕಿವಿಗೆ ಹತ್ತಿರ ಕೇಳಿಸಿದ್ದನ್ನೆಲ್ಲ ನೆಂಟರು ಮಾಡಿಬಿಡುವ ಕಾಲ ಇದು, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಎರಡೂ ಹೋಗಿ ಮುಟ್ಟುವುದು ಸಂಸ್ಕೃತಕ್ಕೂ ಇಂಗ್ಲಿಷಿಗೂ ಪೂರ್ವಜವಾದ ಮೂಲ ಇಂಡೋ-ಯುರೋಪಿಯನ್ ಭಾಷೆಯ ‘ಧೆಇಘ್’ ಎಂಬ ಧಾತುವನ್ನು (ಇದು ವಿದ್ವಾಂಸರು ಪುನಾರಚಿಸಿದ ರೂಪ). ಮಣ್ಣು ಕಲಸು, ಮೆತ್ತು, ಆಕಾರ ಕೊಡು ಎಂದು ಅರ್ಥ. ಅಂದರೆ ಮೊದಲು ಕೈಯಲ್ಲಿದ್ದದ್ದು ಹಿಟ್ಟಲ್ಲ, ಜೇಡಿಮಣ್ಣು. ಇಂಗ್ಲಿಷ್, ಜರ್ಮನ್ ಸೇರಿದ ಜರ್ಮ್ಯಾನಿಕ್ ಕವಲಿನಲ್ಲಿ ಅದು ಅಡುಗೆಮನೆಗೆ ಬಂತು: ಗಾಥಿಕ್‌ನಲ್ಲಿ ‘ದೈಗ್ಸ್’, ಜರ್ಮನ್‌ನಲ್ಲಿ ‘ಟೈಗ್’, ಹಳೆಯ ಇಂಗ್ಲಿಷಿನಲ್ಲಿ ‘ದಾಗ್’. ಇವತ್ತಿನ ಸ್ಪೆಲಿಂಗಿನ (dough) ಕೊನೆಗೆ ಉಚ್ಚಾರವಿಲ್ಲದೆ ಕೂತಿರುವ ‘ಜಿ’, ‘ಎಚ್’ ಹಿಂದೊಮ್ಮೆ ಗಂಟಲಲ್ಲಿ ಹೊರಡುತ್ತಿದ್ದ ಸದ್ದಿನ ಗುರುತು. ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಆ ಸದ್ದೇ ‘ಫ್’ ಆಗಿ ‘ಡಫ್’ ಎಂಬ ಪುಡ್ಡಿಂಗಿನ ಹೆಸರಾಯಿತು.

ಸಂಸ್ಕೃತದಲ್ಲಿ ಒಂದರ ಹಿಂದೊಂದು ಎರಡು ಮಹಾಪ್ರಾಣ ಉಳಿಯಲಿಲ್ಲ. ಮೊದಲನೆಯದು ಅಲ್ಪಪ್ರಾಣವಾಯಿತು (1863ರಲ್ಲಿ ಜರ್ಮನ್ ವಿದ್ವಾಂಸ ಗ್ರಾಸ್‌ಮನ್ ತೋರಿಸಿಕೊಟ್ಟ ನಿಯಮ), ಎರಡನೆಯದು ‘ಹ’ ಆಯಿತು. ಹೀಗೆ ಬಂದ ‘ದಿಹ್’ ಎಂದರೆ ಬಳಿ, ಮೆತ್ತು. ಮೆತ್ತಿ ಆಕಾರ ಕೊಟ್ಟದ್ದು ಎಂಬ ಅರ್ಥದಲ್ಲಿ ‘ದೇಹ’ ಹುಟ್ಟಿದ್ದು ಇದರಿಂದ. ವಿಷ ಬಳಿದ ಬಾಣಕ್ಕೆ ‘ದಿಗ್ಧ’ ಎನ್ನುವುದು ಇದರಿಂದಲೇ. ಋಗ್ವೇದದ ‘ದೇಹೀ’ ಮೈಯಲ್ಲ, ಮಣ್ಣೇರಿಸಿ ಕಟ್ಟಿದ ಕೋಟೆಗೋಡೆ. ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯ ‘ಪೈರಿದಏಜ’ ಕೂಡ ಸುತ್ತ ಗೋಡೆಯಿರುವ ಆವರಣ. ಅದು ಗ್ರೀಕಿನ ಮೂಲಕ ಇಂಗ್ಲಿಷಿನ ‘ಪ್ಯಾರಡೈಸ್’ ಆಯಿತು, ಅರಬ್ಬಿಯಲ್ಲಿ ‘ಫಿರ್ದೌಸ್’. ನನಗೆ ಹೆಚ್ಚು ಇಷ್ಟವಾದದ್ದು ‘ಸಂದೇಹ’: ಒಂದಕ್ಕೊಂದು ಮೆತ್ತಿಕೊಂಡು ಯಾವುದು ಯಾವುದೆಂದೇ ತಿಳಿಯದ ಸ್ಥಿತಿ!

ಪ್ರವಚನಗಳಲ್ಲಿ ‘ದಹ್ಯತೇ ಇತಿ ದೇಹಃ’, ಸುಡಲ್ಪಡುವುದರಿಂದ ದೇಹ, ಎಂದು ಕೇಳಿರುತ್ತೀರಿ. ವೈರಾಗ್ಯ ಹುಟ್ಟಿಸಲು ಸೊಗಸಾಗಿದೆ, ವ್ಯುತ್ಪತ್ತಿಯಾಗಿ ನಿಲ್ಲುವುದಿಲ್ಲ. ‘ದಹ್’ ಬೇರೆಯೇ ಧಾತು. ಸಂಸ್ಕೃತ ಧಾತುಗಳ ಹಳೆಯ ಪಟ್ಟಿಯಾದ ಧಾತುಪಾಠವೂ ‘ದಿಹ ಉಪಚಯೇ’ ಎಂದು ಇದನ್ನು ಪ್ರತ್ಯೇಕವಾಗಿ ಹೇಳುತ್ತದೆ. ಅಲ್ಲಿರುವುದು ಬೆಳೆಯುವ, ತುಂಬಿಕೊಳ್ಳುವ ಅರ್ಥ.

ಇದೇ ಬೇರಿನ ಇನ್ನೊಂದು ಇಂಗ್ಲಿಷ್ ಪದ ‘ಲೇಡಿ’. ಹಳೆಯ ಇಂಗ್ಲಿಷಿನ ‘ಹ್ಲ್ಯಾಫ್‌ದೀಗೆ’ಯಲ್ಲಿ ಮೊದಲರ್ಧ ರೊಟ್ಟಿ (ಈಗಿನ ‘ಲೋಫ್’), ಉಳಿದರ್ಧ ನಾದುವವಳು. ‘ಲಾರ್ಡ್’ ‘ಹ್ಲಾಫ್‌ವೆಅರ್ಡ್’ನಿಂದ ಬಂದದ್ದು, ರೊಟ್ಟಿ ಕಾಯುವವನು. ನಾದುವ ಕೆಲಸ ಆಕೆಯದು, ಕಾವಲು ಮಾತ್ರ ಈತನದು, ಮನೆಮನೆಯ ಕತೆ. ‘ಡೈರಿ’ಯೂ ಇದೇ ಬಳಗದ್ದು. ರೊಟ್ಟಿ ನಾದುವ ಆಳುಹೆಂಗಸಿನ ಹೆಸರು ಹಾಲು ಬೆಣ್ಣೆ ನೋಡಿಕೊಳ್ಳುವವಳಿಗೆ ಸಂದು, ಅವಳು ಕೆಲಸ ಮಾಡುವ ಜಾಗದ ಹೆಸರೂ ಅದರಿಂದಲೇ ಬಂತು.

ನನ್ನದೂ ಒಂದು ಪ್ರಶ್ನೆ. ಒಣಗಿದ್ದರೂ ಕಲಸಿದ್ದರೂ ನಮಗೆ ಅದು ‘ಹಿಟ್ಟು’ ಎಂದೇ ನಡೆಯುತ್ತದೆ. ಹೋಳಿಗೆಗಾದರೆ ‘ಕಣಕ’ ಇದೆ. ಬ್ರೆಡ್ಡು, ಬನ್ನಿನ ಹಿಟ್ಟಿಗೂ ‘ಕಣಕ’ ಎನ್ನುವ ಬೇಕರಿಯವರು ನಿಮ್ಮ ಕಡೆ ಇದ್ದಾರೆಯೇ?