ಫಿಲ್ಟರ್ ಹಚ್ಚಿದ್ರೂ ಸ್ಪೈಕ್ ಯಾಕ ಹಿಂಗ ಬರ್ಲಕತ್ತಾವ? ಅನಲಾಗ್ ಸಿಗ್ನಲ್ ಸೆಟಿಂಗ್ ಬಗ್ಗಿ ಪ್ರಶ್ನೋತ್ತರ

ಪ್ರಶ್ನೆ (ಎಂ.ಎಸ್ಸಿ ವಿದ್ಯಾರ್ಥಿನಿ, ಕಲಬುರಗಿ):
ಮೇಡಂ ನಮಸ್ಕಾರ್ರಿ. ನಂದು ಪ್ರಾಜೆಕ್ಟ್ ಜಿರಳಿ ಹಿಂದಿನ ಕಾಲಿನ ನರದಿಂದ ಸ್ಪೈಕ್ (ನರದಾಗಿನ ಸಣ್ಣ ವಿದ್ಯುತ್ ಮಿಡಿತ) ರೆಕಾರ್ಡ್ ಮಾಡೂದು, ಕಾಲಿನ ಮ್ಯಾಲಿನ ಮುಳ್ಳು ಸಣ್ಣ ಕಡ್ಡಿಲಿಂದ ಮುಟ್ಟಿದ್ರ ನರ ಹ್ಯಾಂಗ ಫೈರ್ ಆಗ್ತದ ಅಂತ ನೋಡೂದು. ಆಂಪ್ಲಿಫೈಯರ್ ನಮ್ಮ ಸೀನಿಯರ್ ಒಬ್ರು ಮಾಡಿಟ್ಟಿದ್ದು, ಗೇನ್ 100 ಅದ (ಅಂದ್ರ ಸಿಗ್ನಲ್ 100 ಪಟ್ಟು ದೊಡ್ಡದು ಮಾಡ್ತದ), ಅದರಿಂದ 16 ಬಿಟ್ ಯುಎಸ್‌ಬಿ ಕಾರ್ಡ್, ಅಲ್ಲಿಂದ ಲ್ಯಾಪ್‌ಟಾಪ್. ಸಾಫ್ಟ್‌ವೇರಿನಾಗ ರೇಂಜ್ ಪ್ಲಸ್ ಮೈನಸ್ 10 ವೋಲ್ಟ್, ಸ್ಯಾಂಪ್ಲಿಂಗ್ 1000 ಅಂತ ಮೊದಲಿಂದನೇ ಇತ್ತು, ಹಂಗೇ ಬಿಟ್ಟೀನಿ. ಫಿಲ್ಟರ್ 300 ರಿಂದ 3000 ಹರ್ಟ್ಜ್ ಇಡಬೇಕು ಅಂತ ಪೇಪರಿನಾಗ ಓದಿ ಹಾಕಿದ್ರ ಸಾಫ್ಟ್‌ವೇರ್ ತಗೊಳ್ಳಂಗೇ ಇಲ್ಲ, 450 ತನಕ ಅಷ್ಟೇ ತಗೊಂತು. ಈಗ ಆಡಿಯೋ ಸ್ಪೀಕರಿನಾಗ ಟಪ್ ಟಪ್ ಅಂತ ಚೊಲೋ ಕೇಳಸ್ತದ, ಆದ್ರ ಸ್ಕ್ರೀನಿನ ಮ್ಯಾಲ ಅರ್ಧ ಸ್ಪೈಕ್ ಕಾಣಂಗೇ ಇಲ್ಲ, ಕಂಡಿದ್ದು ಒಂದೊಂದು ಒಂದೊಂದು ಎತ್ತರ ಅದಾವ. ಮ್ಯಾಲಿಂದ ಗುಂಯ್ ಅಂತ ಹಮ್ (ಕರೆಂಟ್ ಲೈನಿನ ಗದ್ದಲ) ಬ್ಯಾರೆ. ಯಾವ ಫಿಲ್ಟರ್ ಹಚ್ಚಿದ್ರ ಸರಿ ಆಗ್ತದ್ರಿ?

ಉತ್ತರ (ರೆಕಾರ್ಡಿಂಗ್ ರಿಗ್ ಇಂಜಿನಿಯರ್, ಊರು ಭಾಲ್ಕಿ ಕಡಿ):
ಯಾವ ಫಿಲ್ಟರ್ ಹಚ್ಚಿದ್ರೂ ಸರಿ ಆಗಲ್ಲ ತಂಗಿ, ಯಾಕಂದ್ರ ನಿನ್ನ ಸ್ಪೈಕ್ ಫಿಲ್ಟರ್ ತನಕ ಬಂದು ಮುಟ್ಟೇ ಇಲ್ಲ. ಫಿಲ್ಟರ್ ಮಾತು ಕಡೀಕ ನೋಡಮು. ಒಂದು ಸ್ಪೈಕ್ ಅಂದ್ರ ಸುಮಾರು 1 ಮಿಲಿಸೆಕೆಂಡಿನ ಕೆಲಸ, ನೀನು ಸೆಕೆಂಡಿಗಿ 1000 ಸಲ ನೋಡ್ಲತಿ ಅಂದ್ರ ಸ್ಪೈಕಿಗಿ ಒಂದೇ ಒಂದು ಪಾಯಿಂಟು. ಆ ಪಾಯಿಂಟ್ ಸ್ಪೈಕಿನ ತುದಿ ಮ್ಯಾಲ ಬಿತ್ತಂದ್ರ ಎತ್ತರ ಕಾಣ್ತದ, ಬಗಲಾಗ ಬಿತ್ತಂದ್ರ ಗಿಡ್ಡ ಕಾಣ್ತದ, ಎರಡರ ನಡು ಹಾರಿ ಹೋಯ್ತಂದ್ರ ಕಾಣಂಗೇ ಇಲ್ಲ. ಸ್ಪೀಕರ್ ಕಾರ್ಡಿನ ಮುಂಚೆನೇ ಆಂಪ್ಲಿಫೈಯರಿಂದ ನೇರ ತಗೊಳ್ತದ, ಅದಕ್ಕ ಕಿವಿಗಿ ಎಲ್ಲಾ ಕೇಳಸ್ತದ. ಸಾಫ್ಟ್‌ವೇರ್ 3000 ತಗೊಳ್ಳಲಿಲ್ಲ ಅಂದಿ ಅಲಾ, ಅದು ಖರೇನೇ ಹೇಳ್ಯದ: ಸ್ಯಾಂಪ್ಲಿಂಗಿನ ಅರ್ಧದ ಮ್ಯಾಲ, ಅಂದ್ರ 500 ಹರ್ಟ್ಜ್ ಮ್ಯಾಲ, ನಿನ್ನ ಫೈಲಿನಾಗ ಏನೂ ಇಲ್ಲ, ಇಲ್ಲದ್ದಕ್ಕ ಫಿಲ್ಟರ್ ಎಲ್ಲಿಂದ ಹಚ್ಚಬೇಕು. 20,000 ಮಾಡು.

ಆದ್ರ ಕಾರ್ಡಿನ ಡಬ್ಬಿ ಮ್ಯಾಲ ಬರ್ದ ರೇಟ್ ಎಲ್ಲಾ ಚಾನೆಲ್ ಕೂಡಿ ಇರ್ತದ ಭಾಳ ಸಲ. 48,000 ಅಂತ ಬರ್ದಿದ್ರ ನಾಲ್ಕು ಚಾನೆಲ್ ಚಾಲೂ ಇಟ್ರ ಒಂದಕ್ಕ ಬರೂದು 12,000 ಅಷ್ಟೇ. ಬ್ಯಾಡಾದ ಚಾನೆಲ್ ಲಿಸ್ಟಿನಿಂದ ತಗದು ಬಿಡು. ಬೇಕಾಗಿ ಇಟ್ಟು ವೈರ್ ಹಚ್ಚದೇ ಬಿಟ್ಟಿದ್ದಿ ಅಂದ್ರ ಅದರಾಗ ಬಗಲಿನ ಚಾನೆಲ್ಲಿನ ಸ್ಪೈಕೇ ಭೂತದಂಗ ಕಾಣ್ತದ, ಒಳಗ ಎಡಿಸಿ (ವೋಲ್ಟೇಜನ್ನ ಅಂಕಿ ಮಾಡೂ ಭಾಗ) ಒಂದೇ ಇದ್ದು ಸರದಿ ಮ್ಯಾಲ ಎಲ್ಲಾ ಚಾನೆಲ್ ನೋಡ್ತದ ಅದಕ್ಕ. ಖಾಲಿ ಇನ್‌ಪುಟ್ ಗ್ರೌಂಡಿಗಿ ಶಾರ್ಟ್ ಮಾಡಿಬಿಡು.

ಇನ್ನ ರೇಂಜ್. ಪ್ಲಸ್ ಮೈನಸ್ 10 ವೋಲ್ಟ್ ಅಂದ್ರ ಒಟ್ಟು 20 ವೋಲ್ಟ್, 16 ಬಿಟ್ ಅಂದ್ರ 65,536 ಮೆಟ್ಟಲು, ಒಂದು ಮೆಟ್ಟಲು 0.3 ಮಿಲಿವೋಲ್ಟ್ ಆಯ್ತು. ನಿನ್ನ ಸ್ಪೈಕ್ ನರದ ಮ್ಯಾಲ 100 ಮೈಕ್ರೋವೋಲ್ಟ್ ಅದ ಅಂತ ಹಿಡಿ, ಗೇನ್ 100 ಆದ ಮ್ಯಾಲ 10 ಮಿಲಿವೋಲ್ಟ್, ಅಂದ್ರ ಬರೇ ಮೂವತ್ತು ಚಿಲ್ಲರ ಮೆಟ್ಟಲಿನಾಗ ಇಡೀ ಸ್ಪೈಕ್. ಕಾರ್ಡಿನಾಗ ಪ್ಲಸ್ ಮೈನಸ್ 1 ವೋಲ್ಟ್ ರೇಂಜ್ ಇತ್ತಂದ್ರ ಅದಕ್ಕ ಇಡು, ಅದೇ ಸ್ಪೈಕ್ ಮುನ್ನೂರು ಮೆಟ್ಟಲು ದಾಟ್ತದ. ಹಂಗಂತ ಗೇನ್ 1000 ಮಾಡಿ ರೇಂಜೂ 1 ವೋಲ್ಟ್ ಇಟ್ಟಿ ಅಂದ್ರ ಕೆಟ್ಟಿತು, ಹಮ್ಮು ನರದ ಕಡಿ 2 ಮಿಲಿವೋಲ್ಟ್ ಇದ್ರ ಅದು ಒಂದೇ 2 ವೋಲ್ಟ್ ಆಗಿ ಮ್ಯಾಲ ಕೆಳಗ ಎರಡೂ ಕಡಿ ಕಟ್ ಆಗ್ತದ, ಕಟ್ ಆದ ಜಾಗದಾಗಿನ ಸ್ಪೈಕ್ ಹೋಯ್ತಂದ್ರ ಹೋಯ್ತು. ಇದನ್ನ ಫಿಲ್ಟರ್ ಬಂದ್ ಮಾಡಿ ನೋಡಬೇಕು, ಯಾಕಂದ್ರ ಫಿಲ್ಟರ್ ಹಚ್ಚಿದ ಟ್ರೇಸ್ ಚೊಕ್ಕ ಕಾಣ್ತದ, ಒಳಗಿನ ಕಚ್ಚಾ ಸಿಗ್ನಲ್ ಚಪ್ಪಟ ಆಗಿದ್ದು ತೋರ್ಸಲ್ಲ.

ಇನ್ನೊಂದು ಕೇಳ್ತೀನಿ, ಆ ಆಂಪ್ಲಿಫೈಯರಿನಾಗ ಲೋ ಪಾಸ್ (ಮ್ಯಾಲಿನ ಫ್ರೀಕ್ವೆನ್ಸಿ ತಡೆಯೂ ಫಿಲ್ಟರ್) ಅದ ಇಲ್ಲ?

ವಿದ್ಯಾರ್ಥಿನಿ:
ಇಲ್ರಿ ಮೇಡಂ, ಸೀನಿಯರ್ ಅಂದ್ರು ಹೈ ಪಾಸ್ (ಕೆಳಗಿನ ಫ್ರೀಕ್ವೆನ್ಸಿ ತಡೆಯೂದು) ಒಂದೇ ಅದ ಅಂತ, ಲೋ ಪಾಸ್ ಸಾಫ್ಟ್‌ವೇರಿನಾಗ ಹಚ್ಕೋ ಅಂದ್ರು. ಮತ್ತ 20,000 ಇಟ್ರ ಹಾರ್ಡ್ ಡಿಸ್ಕ್ ತುಂಬಂಗಿಲ್ಲೇನ್ರಿ?

ಉತ್ತರ:
ಹೈ ಪಾಸ್ ಇದ್ದದ್ದು ಚೊಲೋ ಆಯ್ತು. ಎಲೆಕ್ಟ್ರೋಡಿನ ಲೋಹಕ್ಕೂ ಸಲೈನಿಗೂ ನಡು ಡಿಸಿ ವೋಲ್ಟೇಜ್ ಹುಟ್ತದ, ಸ್ಪೈಕಿಗಿಂತ ಸಾವಿರ ಪಟ್ಟು ದೊಡ್ಡದು ಇರಬಹುದು ಅದು, ಗೇನಿನ ಮುಂಚೆ ಅದನ್ನ ತಡೀಲಿಲ್ಲ ಅಂದ್ರ ಆಂಪ್ಲಿಫೈಯರ್ ಗ್ವಾಡಿಗಿ ಬಡದು ಕುಂದುರ್ತದ.

ಲೋ ಪಾಸ್ ಸಾಫ್ಟ್‌ವೇರಿನಾಗ ಹಚ್ಕೋ ಅನ್ನೂದು ಅರ್ಧ ಸತ್ಯ. ಜ್ವಾಳದಾಗಿನ ಕಲ್ಲು ಬೀಸೂಕಿಂತ ಮೊದಲ ಆರಿಸಬೇಕು, ಬೀಸಿದ ಮ್ಯಾಲ ಜರಡಿ ಹಿಡದ್ರ ರೊಟ್ಟ್ಯಾಗಿನ ಕರ್‌ಕರ್ ಹೋಗಲ್ಲ. ಇಲ್ಲಿ ಬೀಸೂದು ಅಂದ್ರ ಸ್ಯಾಂಪ್ಲಿಂಗ್. ಎಲ್ಇಡಿ ಲೈಟಿನ ಡ್ರೈವರ್, ಲ್ಯಾಪ್‌ಟಾಪ್ ಚಾರ್ಜರ್, ಇವೆಲ್ಲಾ ಹತ್ತಾರು ಕಿಲೋಹರ್ಟ್ಜಿನಾಗ ಸ್ವಿಚ್ ಆಗ್ತಾವ. ಅದರಾಗ ಒಂದು 41.2 ಕಿಲೋಹರ್ಟ್ಜ್ ಅದ ಅನ್ಕೋ, ನೀನು 10 ಕಿಲೋಹರ್ಟ್ಜಿನಾಗ ಸ್ಯಾಂಪಲ್ ಮಾಡ್ಲತಿ ಅಂದ್ರ ಅದು ಮಡಚಿಕೊಂಡು 1.2 ಕಿಲೋಹರ್ಟ್ಜ್ ಆಗಿ ಸೀದಾ ಸ್ಪೈಕಿನ ನಡುವೆ ಬಂದು ಕುಂದುರ್ತದ, ಆಮ್ಯಾಲ ಇದು ಖರೇ 1.2 ಅದ ಏನ್ ಮಡಚಿದ್ದು ಅದ ಅಂತ ಯಾವ ಸಾಫ್ಟ್‌ವೇರಿಗೂ ತಿಳಿಯಲ್ಲ. ನಿನಗ ಅನುಮಾನ ಬಂತಂದ್ರ ಸ್ಪೆಕ್ಟ್ರಮ್ ತಗದು ಇಟ್ಟು ಸ್ಯಾಂಪ್ಲಿಂಗ್ 12 ಮಾಡಿ ನೋಡು, ಮಡಚಿದ್ದಿದ್ರ ಗೆರಿ 1.2 ಬಿಟ್ಟು 5.2ಕ್ಕ ಜಿಗೀತದ, ಖರೇದು ಇದ್ರ ಇದ್ದಲ್ಲೇ ಇರ್ತದ. ಆಂಪ್ಲಿಫೈಯರಿನ ಔಟ್‌ಪುಟ್ಟಿಗಿ 5.1 ಕಿಲೋ ಓಮ್ ರೆಸಿಸ್ಟರ್ ಒಂದು, ಅಲ್ಲಿಂದ ಗ್ರೌಂಡಿಗಿ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಒಂದು ಹಾಕು, ಕಟಾಫ್ 3 ಕಿಲೋಹರ್ಟ್ಜ್ ಹತ್ರ ಬರ್ತದ. ಎರಡೂ ಕೂಡಿ ಚಹಾದ ರೊಕ್ಕಕ್ಕ ಸಿಗ್ತಾವ. ಒಂದೇ ಹಂತದ ಫಿಲ್ಟರ್ ಭಾಳ ಮೆತ್ತಗ ಇಳೀತದ, ಅದಕ್ಕೇ ಸ್ಯಾಂಪ್ಲಿಂಗ್ 20,000 ಅಂದಿದ್ದು, 6,000 ಸಾಕಲ್ಲ ಅನ್ನಬ್ಯಾಡ.

ಡಿಸ್ಕಿನ ಚಿಂತಿ ಬಿಡು. 20,000 ಗುಣಿಸು 2 ಬೈಟ್, ಒಂದು ಚಾನೆಲ್ಲಿಗಿ ತಾಸಿಗಿ 144 ಎಂಬಿ. ಒಂದು ಸಿನಿಮಾದಷ್ಟೂ ಇಲ್ಲ.

ವಿದ್ಯಾರ್ಥಿನಿ:
ಹಮ್ ಬಗ್ಗಿ ಹೇಳ್ಲಿಲ್ರಿ. ನಾಚ್ ಫಿಲ್ಟರ್ (ಒಂದೇ ಫ್ರೀಕ್ವೆನ್ಸಿ ತಗಿಯೂದು) ಹಚ್ಚಿದ್ರ ಜರಾ ಕಮ್ಮಿ ಆಗ್ತದ ಪೂರಾ ಹೋಗಲ್ಲ, ಮತ್ತ ಕಡ್ಡಿ ಜೋರ್ ತಾಗಿದಾಗ ಟ್ರೇಸ್ ಸ್ವಲ್ಪ ಹೊತ್ತು ತೂಗ್ಯಾಡ್ತದ. ಕರೆಂಟ್ ಹೋಗಿ ಇನ್ವರ್ಟರ್ ಬಂತಂದ್ರಂತೂ ಕೇಳಬ್ಯಾಡ್ರಿ.

ಉತ್ತರ:
ಮೊದಲ ನಾಚ್ ಎಷ್ಟಕ್ಕ ಇಟ್ಟೀದಿ ನೋಡು. ಅಮೇರಿಕದ ಕಡಿ ಮಾಡಿದ ಸಾಫ್ಟ್‌ವೇರಿನಾಗ 60 ಇರ್ತದ ಭಾಳ ಸಲ, ನಮ್ಮ ಲೈನ್ 50. ಆದ್ರ ಖರೇ ಹೇಳ್ಬೇಕಂದ್ರ ನಿನಗ ನಾಚೇ ಬ್ಯಾಡ. 300ರ ಹೈ ಪಾಸ್ ಬಟರ್‌ವರ್ತ್ ಎರಡನೇ ಆರ್ಡರ್ ಇದ್ರ 50 ಹರ್ಟ್ಜನ್ನ ಅದೊಂದೇ 36 ಪಟ್ಟು ಕಮ್ಮಿ ಮಾಡ್ತದ. ಅಷ್ಟಾದ್ರೂ ಗುಂಯ್ ಉಳೀತಂದ್ರ ಅದು 50 ಅಲ್ಲ, ಅದರ ಮಕ್ಕಳು (ಹಾರ್ಮೋನಿಕ್), 150, 250, 350, 450 ಹಿಂಗ. ಇನ್ವರ್ಟರ್ ಬಂದಾಗ ಕೇಳಬ್ಯಾಡ್ರಿ ಅಂದಿ ಅಲಾ, ಸಸ್ತಾ ಇನ್ವರ್ಟರ್ ಸೈನ್ ವೇವ್ ಕೊಡಲ್ಲ, ಚೌಕ ವೇವ್ ಕೊಡ್ತದ, ಚೌಕ ವೇವ್ ಅಂದ್ರನೇ ಬೆಸ ಹಾರ್ಮೋನಿಕ್ಕಿನ ಗಂಟು, ಅವು 300ರ ಮ್ಯಾಲ ಆರಾಮ ದಾಟಿ ಸ್ಪೈಕ್ ಬ್ಯಾಂಡಿಗಿ ಬರ್ತಾವ. ತೂಗ್ಯಾಡೂದು ನಾಚಿನ ಗುಣ, ಎಷ್ಟು ಸಣ್ಣ ಸೀಳು ಇಡ್ತಿ ಅಷ್ಟು ಹೊತ್ತು ಗುನುಗ್ತದ. ಬಂದ್ ಮಾಡಿಬಿಡು.

ಹಮ್ಮಿನ ಔಷಧ ಸಾಫ್ಟ್‌ವೇರಿನಾಗ ಇಲ್ಲ, ಟೇಬಲ್ ಮ್ಯಾಲ ಅದ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮ್ಯಾಲ ಓಡ್ಸು, ಆಂಪ್ಲಿಫೈಯರ್ 9 ವೋಲ್ಟ್ ಬ್ಯಾಟರಿ ಮ್ಯಾಲ. ಎಲೆಕ್ಟ್ರೋಡಿನ ಎರಡೂ ವೈರ್ ಒಂದಕ್ಕೊಂದು ಹೆಣೆದು ಗಿಡ್ಡ ಮಾಡು. ಬಿಸ್ಕೀಟಿನ ತಗಡಿನ ಡಬ್ಬಿ ಒಳಗ ಜಿರಳಿ ಕಾಲು ಇಟ್ಟು ಡಬ್ಬಿನ ಆಂಪ್ಲಿಫೈಯರ್ ಗ್ರೌಂಡಿಗಿ ಹಚ್ಚು, ನಗಬ್ಯಾಡ, ಅದು ಫ್ಯಾರಡೆ ಕೇಜೇ. ಗ್ರೌಂಡ್ ಎಲ್ಲಾ ಒಂದೇ ಜಾಗಕ್ಕ ಬರ್ಬೇಕು, ನಾಕು ಕಡಿ ನಾಕು ಹಚ್ಚಿದ್ರ ಲೂಪ್ ಆಗಿ ಇನ್ನೂ ಜಾಸ್ತಿ. ಕಾರ್ಡಿನ ಸೆಟಿಂಗಿನಾಗ ಡಿಫರೆನ್ಷಿಯಲ್ (ಎರಡು ವೈರಿನ ನಡುವಿನ ಫರಕು ನೋಡೂದು) ಅಂತ ಇತ್ತಂದ್ರ ಅದನ್ನ ಆರಿಸು, ಸಿಂಗಲ್ ಎಂಡೆಡ್ ಬ್ಯಾಡ. ಮತ್ತ ನಮ್ಮ ಕಡಿ ಬ್ಯಾಸಿಗ್ಯಾಗ ಎರಿ ಮಣ್ಣು ಬಿರಕ ಬಿಟ್ಟು ಅರ್ಥಿಂಗ್ ಗುಂಡಿ ಒಣಗಿ ಹೋಗಿರ್ತದ, ಹೆಸರಿಗಿ ಅಷ್ಟೇ ಅರ್ಥಿಂಗ್, ಎಲೆಕ್ಟ್ರಿಷಿಯನ್ನಿಗಿ ಹೇಳಿ ಗುಂಡಿಗಿ ನೀರ್ ಬಿಡಸು. ಅದೇ ಬಿಸಿಲಿಗಿ ಫ್ಯಾನಿನ ಗಾಳಿಗಿ ಕಾಲೂ ಲಗೂನೇ ಒಣಗ್ತದ, ಒಣಗಿದ ಕಾಲಿನ ಇಂಪೀಡೆನ್ಸ್ (ಕರೆಂಟಿಗಿ ಅಡ್ಡಿ) ಏರಿ ಹಮ್ ಏರ್ತದ, ಪಿನ್ ಹತ್ರ ಒಂದು ಹನಿ ಸಲೈನ್ ಹಾಕ್ತಾ ಇರು.

ಪ್ರಶ್ನೆ (ರಿಸರ್ಚ್ ಸ್ಕಾಲರ್, ಬೀದರ್):
ಅಕ್ಕಾ ನಡುವೆ ಬರ್ಲತೀನಿ, ತಪ್ಪ ತಿಳ್ಕೋಬ್ಯಾಡ್ರಿ. ನಮ್ಮ ಬಲ್ಲಿ ಓಪನ್ ಇಫಿಸ್ ಬೋರ್ಡ್ (ಮಿದುಳಿನ ಸಿಗ್ನಲ್ ರೆಕಾರ್ಡ್ ಮಾಡೂದು) ಅದ, 16 ಚಾನೆಲ್ ಇಂಟಾನ್ ಹೆಡ್‌ಸ್ಟೇಜ್ (ಎಲೆಕ್ಟ್ರೋಡಿನ ಹತ್ರದ ಆಂಪ್ಲಿಫೈಯರ್ ಚಿಪ್), 30,000 ಸ್ಯಾಂಪ್ಲಿಂಗ್. ಸ್ಟಿಮುಲಸ್ ಲೈಟಿಗಿ ಫೋಟೋಡಯೋಡ್ ಇಟ್ಟು ಎಡಿಸಿ ಇನ್‌ಪುಟ್ಟಿಗಿ ಹಚ್ಚೀನಿ. ಲೈಟ್ ಅರ್ಧ ಸೆಕೆಂಡ್ ಆನ್ ಇರ್ತದ ಆದ್ರ ರೆಕಾರ್ಡಿಂಗಿನಾಗ ಆನ್ ಆದಾಗ ಒಂದು ಚುಚ್ಚು, ಆಫ್ ಆದಾಗ ಒಂದು ಚುಚ್ಚು ಅಷ್ಟೇ, ನಡುವಿನ ಎತ್ತರ ಇಲ್ಲೇ ಇಲ್ಲ. ಡಯೋಡ್ ಹಾಳಾಗ್ಯದ ಏನು? ಇನ್ನೊಂದು, ಮನಿಗಿ ಬಂದು ಪೈಥಾನಿನಾಗ ಫಿಲ್ಟರ್ ಮಾಡಿದ್ರ ಲೈಟ್ ಬೀಳೂಕಿಂತ ಮೊದಲೇ ಎಲ್‌ಎಫ್‌ಪಿ (ಭಾಳ ನ್ಯೂರಾನ್ ಕೂಡಿದ ನಿಧಾನ ಸಿಗ್ನಲ್) ರೆಸ್ಪಾನ್ಸ್ ಚಾಲೂ ಆದಂಗ ಕಾಣ್ಲತದ.

ಉತ್ತರ:
ಡಯೋಡ್ ಗಟ್ಟಿ ಅದ ತಮ್ಮಾ. ಬ್ಯಾಂಡ್‌ಪಾಸ್ ಫಿಲ್ಟರ್ ಎಲ್ಲಾ ಚಾನೆಲ್ಲಿಗೂ ಟಿಕ್ ಇಟ್ಟೀದಿ, ಎಡಿಸಿ ಚಾನೆಲ್ಲಿಗೂ ಹತ್ಯದ. 300ರ ಹೈ ಪಾಸ್ ನಿಂತ ವೋಲ್ಟೇಜ್ ಬಿಡಂಗಿಲ್ಲ, ಬದಲಾವಣಿ ಅಷ್ಟೇ ಬಿಡ್ತದ, ಅದಕ್ಕೇ ಎರಡು ಚುಚ್ಚು. ಫಿಲ್ಟರಿನಾಗ ಎಡಿಸಿ ಚಾನೆಲ್ ಟಿಕ್ ತಗೀ. ಅಳತಿನೂ ಬ್ಯಾರೆ ಅದ ಅವೆರಡರದು: ಹೆಡ್‌ಸ್ಟೇಜ್ ಮೈಕ್ರೋವೋಲ್ಟಿನಾಗ, ಒಂದು ಮೆಟ್ಟಲು 0.195 ಮೈಕ್ರೋವೋಲ್ಟ್, ಎಡಿಸಿ ವೋಲ್ಟಿನಾಗ, ಪ್ಲಸ್ ಮೈನಸ್ 5 ತನಕ. ಎರಡಕ್ಕೂ ಒಂದೇ ಸ್ಕೇಲ್ ಹಾಕಿ ಸ್ಕ್ರೀನಿನ ಮ್ಯಾಲ ನೋಡಿದ್ರ ಒಂದು ಗೆರಿ ಸತ್ತಂಗ ಕಾಣ್ತದ.

ನನಗ ನಿನ್ನ ಡಯೋಡಿಗಿಂತ ಬ್ಯಾರೆ ಚಿಂತಿ ಹತ್ಯದ. ರೆಕಾರ್ಡ್ ಆಗಿದ್ದ ಫೈಲಿನಾಗೇ ಚುಚ್ಚು ಅದಾವ ಅಂದ್ರ ನಿನ್ನ ರೆಕಾರ್ಡ್ ನೋಡ್ ಫಿಲ್ಟರ್ ಆದ ಮ್ಯಾಲ ಕುಂತದ, ಅಂದ್ರ ನೀನು ಸೇವ್ ಮಾಡಿದ್ದು ಎಲ್ಲಾ ಫಿಲ್ಟರ್ ಆದ ಡಾಟಾ. ಸಿಗ್ನಲ್ ಚೈನಿನಾಗ ರೆಕಾರ್ಡ್ ನೋಡ್ ಎಲ್ಲಿ ಇಡ್ತಿ ಅಲ್ಲಿನ ಸಿಗ್ನಲ್ ಡಿಸ್ಕಿಗಿ ಹೋಗ್ತದ. ಅದನ್ನ ಎಳದು ಬೋರ್ಡಿನ ಸೋರ್ಸ್ ಆದ ತಕ್ಷಣ ಇಡು, ಫಿಲ್ಟರ್ ರೆಕಾರ್ಡ್ ನೋಡ್ ಆದ ಮ್ಯಾಲ ಇರಲಿ, ಬರೇ ಕಣ್ಣಿಗಿ ನೋಡ್ಲಾಕ. ಕಚ್ಚಾ ಡಾಟಾ ಇದ್ರ ನಾಳಿ 300 ಬ್ಯಾಡ 500 ಬೇಕು ಅಂತ ಗೈಡ್ ಅಂದ್ರೂ ಹೊಸಾ ಫಿಲ್ಟರ್ ಹಚ್ಚಬಹುದು, 16 ಚಾನೆಲ್ಲಿಗಿ ತಾಸಿಗಿ ಮೂರೂವರಿ ಜಿಬಿ, ಅಷ್ಟೇ ಖರ್ಚು. ಎಲ್‌ಎಫ್‌ಪಿ ಬೇಕಂದ್ರ ಚಿಪ್ಪಿನ ಬ್ಯಾಂಡ್‌ವಿಡ್ತ್ ಸೆಟಿಂಗೂ ನೋಡು, ಕೆಳಗಿನ ಕಟಾಫ್ 1 ಹರ್ಟ್ಜ್ ಇಲ್ಲಾ ಅದಕ್ಕೂ ಕಮ್ಮಿ, ಮ್ಯಾಲಿಂದು 7,500 ಹತ್ರ. ಅದು ಚಿಪ್ಪಿನ ಒಳಗಿನ ಅನಲಾಗ್ ಫಿಲ್ಟರ್, ಅಲ್ಲಿ 300 ಇಟ್ಟಿ ಅಂದ್ರ ಎಲ್‌ಎಫ್‌ಪಿ ಹುಟ್ಟೂಕಿಂತ ಮೊದಲೇ ಹೋಯ್ತು.

ಪೈಥಾನಿನಾಗ ಫಿಲ್ಟ್‌ಫಿಲ್ಟ್ ಹಾಕಿರ್ತಿ. ಅದು ಮುಂದ ಒಮ್ಮೆ ಹಿಂದ ಒಮ್ಮೆ ಓಡ್ತದ, ಫೇಸ್ ತಪ್ಪಲ್ಲ ಅನ್ನೂದು ಚೊಲೋ, ಆದ್ರ ಹಿಂದ ಓಡಿದಾಗ ರೆಸ್ಪಾನ್ಸಿನ ಬಾಲ ಲೈಟ್ ಬೀಳೂಕಿಂತ ಮೊದಲಿನ ಕಡಿಗಿ ಚಾಚ್ತದ. ಮಿದುಳಿಗಿ ಭವಿಷ್ಯ ಗೊತ್ತಾಗ್ಲತದ ಅಂತ ಪೇಪರ್ ಬರೀಬ್ಯಾಡ. ಲೇಟೆನ್ಸಿ (ಲೈಟ್ ಬಿದ್ದ ಮ್ಯಾಲ ರೆಸ್ಪಾನ್ಸ್ ಬರಾಕ ಹತ್ತೂ ಟೈಮು) ಅಳಿಯೂದಿದ್ರ ಒಂದೇ ದಿಕ್ಕಿನ ಫಿಲ್ಟರ್ ಹಾಕಿ, ಅದರ ತಡ ಎಷ್ಟು ಅಂತ ಅದೇ ಫಿಲ್ಟರಿಗಿ ಒಂದು ಚೌಕ ಪಲ್ಸ್ ಕೊಟ್ಟು ಅಳದು ಇಟ್ಕೋ.

ಪ್ರಶ್ನೆ (ಫಿಸಿಯೋಥೆರಪಿಸ್ಟ್, ಯಾದಗಿರಿ):
ಮೇಡಂ ಇದೇ ಆಂಪ್ಲಿಫೈಯರ್ ತರದ್ದು ಮಾಡಿ ಪೇಷಂಟಿನ ತೊಡಿ ಮ್ಯಾಲ ಇಎಂಜಿ (ಸ್ನಾಯುವಿನ ಸಿಗ್ನಲ್) ತಗೋಬಹುದೇನ್ರಿ? ಅಲ್ಲಿಗಿ ಸೆಟಿಂಗ್ ಏನು?

ಉತ್ತರ:
ಡಾಕ್ಟ್ರೇ, ಸೆಟಿಂಗ್ ಹೇಳ್ತೀನಿ, 20 ರಿಂದ 450 ಹರ್ಟ್ಜ್, ಸ್ಯಾಂಪ್ಲಿಂಗ್ 2000, ನಾಚ್ ಹಚ್ಚಬ್ಯಾಡ್ರಿ ಯಾಕಂದ್ರ ಸ್ನಾಯುವಿನ ಖರೇ ಶಕ್ತಿ 50 ರಿಂದ 150ರ ನಡುವೇ ಜಾಸ್ತಿ ಇರ್ತದ, ಹಮ್ಮಿನ ಜೋಡಿ ಅದೂ ಹೋಗ್ತದ. ಆದ್ರ ಮನಿಯಾಗ ಮಾಡಿದ ಸರ್ಕೀಟ್, ಚಾರ್ಜರ್ ಹಚ್ಚಿದ ಲ್ಯಾಪ್‌ಟಾಪ್, ಅದರ ತುದಿಗಿ ಮನುಷ್ಯ, ಇದು ಬಿಲ್ಕುಲ್ ಬ್ಯಾಡ್ರಿ. ಜಿರಳಿ ಕಾಲಿಗಿ ನಡೀತದ, ಪೇಷಂಟಿಗಿ ನಡ್ಯಲ್ಲ. ಮೆಡಿಕಲ್ ಐಸೋಲೇಷನ್ ಇದ್ದ ಮಷೀನೇ ತಗೋರಿ.

ವಿದ್ಯಾರ್ಥಿನಿ:
ಮೇಡಂ 20,000 ಮಾಡಿ ರೇಂಜ್ 1 ಇಟ್ಟೆ, ಸ್ಪೈಕ್ ಈಗ ಎರಡು ಸೈಜಿನವು ಸಾಫ್ ಕಾಣ್ಲಕತ್ತಾವ, ದೊಡ್ಡದು ಒಂದು ಸಣ್ಣದು ಒಂದು. ರೆಸಿಸ್ಟರ್ ನಾಳಿ ಸೂಪರ್ ಮಾರ್ಕೆಟ್ ಕಡಿ ಹೋದಾಗ ತರ್ತೀನ್ರಿ. ಆದ್ರ ಒಂದು ಸ್ಪೈಕಿನ ಹಿಂದ ಕೆಳಗ ಒಂದು ಗುಂಡಿ ಬರ್ತದಲ್ರಿ, ಅದು ಹೈಪರ್‌ಪೋಲರೈಸೇಷನ್ (ಸ್ಪೈಕ್ ಆದ ಮ್ಯಾಲ ನರದ ವೋಲ್ಟೇಜ್ ಖರೇನೇ ಕೆಳಗ ಇಳಿಯೂದು) ಅಂತ ರಿಪೋರ್ಟಿನಾಗ ಬರೀಲೇನ್ರಿ?

ಉತ್ತರ:
ಬರೀಬ್ಯಾಡ. ಎರಡು ಸೈಜ್ ಅಂದ್ರ ಎರಡು ನ್ಯೂರಾನ್ ಇರಬಹುದು, ಅದು ಬರೀ, ಚೊಲೋ ಆಯ್ತು. ಗುಂಡಿ ಮಾತ್ರ 300ರ ಹೈ ಪಾಸ್ ತಾನೇ ತೋಡ್ತದ, ಬರೇ ಮ್ಯಾಲ ಹೋಗಿ ಬಂದ ಸಿಗ್ನಲ್ ಕೊಟ್ರೂ ಕೆಳಗ ಇಳಿಸಿ ಕೊಡ್ತದ. ಕಚ್ಚಾ ಫೈಲಿಗಿ 300 ಬದಲು 100 ಇಟ್ಟು ನೋಡು, ಗುಂಡಿಯ ಆಳ ಬದಲಾಯ್ತಂದ್ರ ಅದರಾಗ ಫಿಲ್ಟರಿನ ಪಾಲು ಅದ. ರೆಸಿಸ್ಟರ್ ಹಾಕಿದ ಮ್ಯಾಲ ಆಂಪ್ಲಿಫೈಯರಿನ ಎರಡೂ ಇನ್‌ಪುಟ್ ಗ್ರೌಂಡಿಗಿ ಶಾರ್ಟ್ ಮಾಡಿ ಒಂದು ನಿಮಿಷ ರೆಕಾರ್ಡ್ ಮಾಡು, ಕಾಲು ಹಚ್ಚಿ ಒಂದು ನಿಮಿಷ ಮಾಡು, ಎರಡೂ ಕಚ್ಚಾ ಫೈಲ್ ಇಲ್ಲೇ ಹಾಕು. ಗೇನ್, ರೇಂಜ್, ಸ್ಯಾಂಪ್ಲಿಂಗ್ ಫೈಲಿನ ಹೆಸರಿನಾಗೇ ಬರ್ದು ಹಾಕು, ಇಲ್ಲಂದ್ರ ನಾನು ಮೈಕ್ರೋವೋಲ್ಟ್ ಲೆಕ್ಕ ಹಾಕ್ಲಾಕ ಬರಲ್ಲ.