ಹೆಡರ್ ಹಾಕಿಸಿದ ಮೇಲೆ ಚೆಕ್ ಎಂಜಿನ್ ಲೈಟ್: ಆಕ್ಸಿಜನ್ ಸೆನ್ಸರ್ ನಿಜವಾಗ್ಲೂ ಹೋಗಿದೆಯಾ?

ಕೇಳಿದವರು, ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನದು 2018ರ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬಿಎಸ್ 4. 62 ಸಾವಿರ ಕಿ.ಮೀ. ಓಡಿದೆ. ಹೋದ ತಿಂಗಳು ಬೆಂಗಳೂರಿನ ಒಂದು ಅಂಗಡಿಯಲ್ಲಿ ಹೆಡರ್ (ಎಂಜಿನ್‌ನಿಂದ ಹೊಗೆ ಹೊರಬರುವ ಪೈಪುಗಳ ಸೆಟ್) ಮತ್ತು ಫ್ರೀ ಫ್ಲೋ ಸೈಲೆನ್ಸರ್ (ಹೊಗೆಗೆ ಅಡ್ಡಿ ಕಡಿಮೆ ಇರುವುದು) ಹಾಕಿಸಿದೆ. ಮೂರನೇ ದಿನಕ್ಕೇ ಚೆಕ್ ಎಂಜಿನ್ ಲೈಟ್ ಬಂತು. ಊರಲ್ಲಿ ಸ್ಕ್ಯಾನರ್ ಹಾಕಿಸಿದರೆ ಪಿ0171, ಪಿ0420 ಅಂತ ಎರಡು ಕೋಡ್. ಗ್ಯಾರೇಜಿನವರು ಎರಡೂ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಇದೆ ಅಂತ ನೋಡುವವು) ಹೋಗಿವೆ, 11 ಸಾವಿರ ಆಗುತ್ತೆ ಅಂತಿದ್ದಾರೆ. ಕೋಡ್ ಅಳಿಸಿದರೆ ಎರಡು ದಿನ ಸುಮ್ಮನಿರುತ್ತೆ, ಮತ್ತೆ ಬರುತ್ತೆ. 17 ಬರುತ್ತಿದ್ದ ಮೈಲೇಜ್ 13ಕ್ಕೆ ಇಳಿದಿದೆ. ಎರಡು ಸೆನ್ಸರ್ ಒಂದೇ ವಾರದಲ್ಲಿ ಹೋಗೋದುಂಟಾ? ಗೊತ್ತಿರುವವರು ದಯವಿಟ್ಟು ಹೇಳಿ.

ಮೈಸೂರಿನಿಂದ

ಸರ್, ದುಡ್ಡು ಜೇಬಿನಲ್ಲೇ ಇರಲಿ. ನಾನು ಇದೇ ಹಳ್ಳಕ್ಕೆ ಬಿದ್ದು ಎದ್ದವನು. 2021ರಲ್ಲಿ ನನ್ನ 1.5 ಪೆಟ್ರೋಲ್ ಸೆಡಾನ್‌ಗೆ ಹೆಡರ್ ಹಾಕಿಸಿದ್ದೆ. ಪಿ0171 ಬಂತು. 4,800 ಕೊಟ್ಟು ಮುಂದಿನ, ಅಂದರೆ ಎಂಜಿನ್‌ಗೆ ಹತ್ತಿರದ ಸೆನ್ಸರ್ ಬದಲಿಸಿದೆ. ಮನೆ ಮುಟ್ಟೋ ಮುಂಚೆ ಲೈಟ್ ವಾಪಸ್ ಬಂತು! ಹಳೇ ಸೆನ್ಸರ್ ಇವತ್ತಿಗೂ ಡ್ರಾಯರ್‌ನಲ್ಲಿದೆ, ಅದಕ್ಕೇನೂ ಆಗಿರಲಿಲ್ಲ.

ಮೊದಲು ನಿಮ್ಮ ಎರಡು ಕೋಡ್ ಏನು ಹೇಳ್ತಿವೆ ನೋಡಿ. ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಕಾಣ್ತಿದೆ. ಪಿ0420 ಅಂದರೆ ಕ್ಯಾಟ್‌ಕಾನ್ (ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಕೆಲಸ ಮಾಡ್ತಿಲ್ಲ. ಎರಡರಲ್ಲಿ ಒಂದೂ ಸೆನ್ಸರ್ ಕೆಟ್ಟಿದೆ ಅಂತ ಹೇಳುವ ಕೋಡ್ ಅಲ್ಲ. ಸೆನ್ಸರ್‌ನ ದೂರೇ ಆಗಿದ್ದರೆ ಪಿ0130ರಿಂದ ಪಿ0141ರ ಒಳಗಿನದು ಬರಬೇಕಿತ್ತು. ಸೆನ್ಸರ್ ತಾನು ಕಂಡದ್ದನ್ನು ಹೇಳ್ತಿದೆ, ನಾವು ಅದರ ಕತ್ತು ಹಿಸುಕೋಕೆ ಹೊರಟಿದ್ದೀವಿ.

ಈಗ ಒಂದು ಪ್ರಶ್ನೆ. ಹೆಡರ್ ಹಾಕುವಾಗ ಬಿಚ್ಚಿದ ಹಳೇ ಮ್ಯಾನಿಫೋಲ್ಡ್ (ಹೆಡರ್ ಜಾಗದಲ್ಲಿ ಮೊದಲಿದ್ದ ಕಂಪನಿಯ ಹೊಗೆ ಪೈಪು) ನೋಡಿದ್ರಾ? ನಮ್ಮ ಎಷ್ಟೋ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಕ್ಯಾಟ್‌ಕಾನ್ ಕೆಳಗೆಲ್ಲೋ ಪೈಪಿನಲ್ಲಿ ಇರಲ್ಲ. ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುತ್ತೆ, ಎಂಜಿನ್‌ನ ಪಕ್ಕದಲ್ಲೇ, ಬೇಗ ಬಿಸಿಯಾಗಲಿ ಅಂತ. ಹೊಟ್ಟೆ ಉಬ್ಬಿದ ಡಬ್ಬದ ಥರ ಕಾಣುತ್ತೆ. ಹೆಡರ್ ಬಂತು ಅಂದರೆ ಆ ಡಬ್ಬ ಹೋಯ್ತು ಅಂತಲೇ ಅರ್ಥ. ಇಲ್ಲದ ಕ್ಯಾಟ್‌ಕಾನ್ ಕೆಲಸ ಮಾಡ್ತಿಲ್ಲ ಅಂತ ಹಿಂದಿನ ಸೆನ್ಸರ್ (ಕ್ಯಾಟ್‌ಕಾನ್ ಆದ ಮೇಲೆ ಇರುವುದು) ಹೇಳಿದರೆ ಅದರಲ್ಲಿ ಸುಳ್ಳೇನಿದೆ? ಹಳೇದು ನಿಮ್ಮ ಹತ್ತಿರ ಇದ್ದರೆ ಜೋಪಾನವಾಗಿ ಇಡಿ. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತೆ, ಗುಜರಿಯಲ್ಲಿ ಒಳ್ಳೇ ಬೆಲೆ. ನನ್ನದು "ಎಲ್ಲೋ ಕಳೆದುಹೋಗಿದೆ ಸರ್" ಅಂದರು. ಎಲ್ಲಿಗೆ ಹೋಯ್ತೋ ನನಗೂ ಗೊತ್ತು.

ಪಿ0171ಗೆ ನನ್ನ ಅನುಮಾನ ಲೀಕ್ ಮೇಲೆ. ಸೈಲೆನ್ಸರ್ ಲೀಕ್ ಆದರೆ ಹೊಗೆ ಹೊರಗೆ ಬರುತ್ತೆ ಅಷ್ಟೇ ಅಂತ ನಾನೂ ಅಂದ್ಕೊಂಡಿದ್ದೆ. ಹಾಗಲ್ಲ. ಹೊಗೆ ಒಂದೇ ಸಮ ಹರಿಯಲ್ಲ, ಸಿಲಿಂಡರ್‌ಗೊಂದರಂತೆ ತಳ್ಳಿ ತಳ್ಳಿ ಬರುತ್ತೆ. ಎರಡು ತಳ್ಳುವಿಕೆಯ ನಡುವೆ ಪೈಪಿನೊಳಗೆ ಒತ್ತಡ ಕುಸಿದು ಹೊರಗಿನ ಗಾಳಿಯನ್ನು ಆ ಸಂದಿಯಿಂದ ಒಳಕ್ಕೆ ಎಳೆಯುತ್ತೆ. ಮುಂದಿನ ಸೆನ್ಸರ್‌ಗಿಂತ ಮೊದಲು ಹೀಗಾದರೆ ಅದಕ್ಕೆ ಆಕ್ಸಿಜನ್ ಜಾಸ್ತಿ ಕಾಣುತ್ತೆ. ಇಸಿಯು ಪೆಟ್ರೋಲ್ ಸುರಿಯುತ್ತೆ. ನಿಮ್ಮ 17, 13 ಆಗಿದ್ದು ಹೀಗೆ.

ಖಚಿತ ಮಾಡ್ಕೊಳ್ಳೋಕೆ ಒಂದು ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ ತಗೊಳ್ಳಿ. ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸಿ, ಫೋನಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸೆನ್ಸರ್ 1 ಮತ್ತು 2ರ ವೋಲ್ಟೇಜ್ ಗ್ರಾಫ್ ಒಂದರ ಕೆಳಗೊಂದು ಇಟ್ಟು 2,500 ಆರ್‌ಪಿಎಂನಲ್ಲಿ ಹಿಡಿಯಿರಿ. ಸರಿ ಇರುವ ಕಾರಿನಲ್ಲಿ ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಕುಣೀತಾ ಇರುತ್ತೆ, ಹಿಂದಿನದು 0.6, 0.7ರ ಹತ್ತಿರ ಹೆಚ್ಚುಕಡಿಮೆ ಅಲುಗಾಡದೆ ಕೂತಿರುತ್ತೆ. ನನ್ನ ಕಾರಿನಲ್ಲಿ ಎರಡೂ ಅವಳಿ ಮಕ್ಕಳ ಥರ ಒಟ್ಟಿಗೇ ಕುಣೀತಿದ್ದವು. ಕ್ಯಾಟ್‌ಕಾನ್ ಇಲ್ಲದ ಕಾರಿನ ಗುರುತು ಅದು. ಕೆಲವು ಕಾರುಗಳಲ್ಲಿ ಮುಂದಿನದು ವೈಡ್‌ಬ್ಯಾಂಡ್ (ಬೇರೆ ಥರ ಅಳೆಯುವ ಸೆನ್ಸರ್) ಇರುತ್ತೆ, ಅದಕ್ಕೆ ಈ ವೋಲ್ಟ್ ಲೆಕ್ಕ ಹಾಕಬೇಡಿ.

ಆಮೇಲೆ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡ್ತಿದೆ ಅನ್ನೋ ಲೆಕ್ಕ. ಶಾರ್ಟ್ (ಆ ಕ್ಷಣದ್ದು) ಮತ್ತು ಲಾಂಗ್ (ಕಲಿತು ಇಟ್ಕೊಂಡದ್ದು) ಎರಡನ್ನೂ ಕೂಡಿ. 10ರ ಒಳಗಿದ್ದರೆ ತಲೆ ಕೆಡಿಸ್ಕೋಬೇಡಿ. ನನ್ನದು ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಾಗ) ಪ್ಲಸ್ 24 ಇತ್ತು, ಆರ್‌ಪಿಎಂ ಏರಿಸಿದರೆ 8ಕ್ಕೆ ಇಳೀತಿತ್ತು. ಲೀಕ್ ಇದ್ದರೆ ಹೀಗೇ, ಐಡಲ್‌ನಲ್ಲಿ ಜಾಸ್ತಿ ಕಾಣುತ್ತೆ. ಇನ್‌ಟೇಕ್ ಕಡೆಯ ವ್ಯಾಕ್ಯೂಮ್ ಪೈಪ್ ಕಳಚಿದ್ದರೂ ಇದೇ ಥರ ಬರುತ್ತೆ, ಅದನ್ನೂ ಒಮ್ಮೆ ಕಣ್ಣಾಡಿಸಿ.

ಸೆನ್ಸರ್ ಬದುಕಿದೆಯಾ ಅಂತ ನೋಡೋದು ಸುಲಭ. ನಿಂತಲ್ಲೇ ಆಕ್ಸಿಲರೇಟರ್ ಒಮ್ಮೆ ಗಕ್ಕನೆ ಒತ್ತಿ. ಗ್ರಾಫ್ 0.9ರ ಹತ್ತಿರ ಹಾರಬೇಕು. ಕಾಲು ತೆಗೆದರೆ 0.1ಕ್ಕೆ ಬೀಳಬೇಕು. ಹಾರಿ ಬಿದ್ದರೆ ಸೆನ್ಸರ್ ಗಟ್ಟಿಯಾಗಿದೆ.

ಲೀಕ್ ಎಲ್ಲಿ ಅಂತ ಹುಡುಕಿದ್ದು ಮಾತ್ರ ಮಜಾ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬಾಯಿಗೆ ಪೈಪ್ ಹಾಕಿ ಸೈಲೆನ್ಸರ್ ತುದಿಗೆ ಹಳೇ ಟವೆಲ್ ಸುತ್ತಿ ಸಿಕ್ಕಿಸಿದೆ. ಬಾನೆಟ್ ಎತ್ತಿ ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿದ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಹೆಡರ್ ಫ್ಲಾಂಜ್ (ಎಂಜಿನ್‌ಗೆ ಬೋಲ್ಟ್ ಮಾಡುವ ಅಂಚು) ಸುತ್ತ ಹೊಡೆದೆ. ಮೂರನೇ ಸಿಲಿಂಡರ್ ಹತ್ತಿರ ಬುಳುಬುಳು ಅಂತ ನೊರೆ ಎದ್ದಿತು. ಬಿಚ್ಚಿದರೆ ಸಂದಿ ಮುಚ್ಚುವ ಹಳೇ ಪ್ಯಾಕಿಂಗ್ ಅನ್ನೇ ಮತ್ತೆ ಹಾಕಿದ್ದರು. ಅಂಚಿನಲ್ಲಿ ಬೆರಳಗಲ ಮಸಿ ಗೆರೆ. ಹೊಸ ಪ್ಯಾಕಿಂಗಿಗೆ 350 ರೂಪಾಯಿ, ಅಷ್ಟೇ ಸರ್.

ಬೆಂಗಳೂರಿನಿಂದ

ಇಷ್ಟೆಲ್ಲಾ ಯಾಕೆ ಬ್ರೋ? ಹಿಂದಿನ ಸೆನ್ಸರ್‌ಗೆ ಒಂದು ಸ್ಪೇಸರ್ ಹಾಕಿಸಿ. ಸೆನ್ಸರ್ ಪೈಪಿನಿಂದ ಒಂದಿಂಚು ಹೊರಗೆ ಬರುತ್ತೆ, ಹೊಗೆ ಸರಿಯಾಗಿ ತಾಗಲ್ಲ, ಲೈಟ್ ಆರುತ್ತೆ. ನಾನು ಹಾಕಿ ಒಂದು ವರ್ಷ ಆಯ್ತು. 600 ರೂಪಾಯಿಗೆ ಕೆಲಸ ಮುಗೀತು.

ಹುಬ್ಬಳ್ಳಿಯಿಂದ

ನಮ್ಮದು ಸಣ್ಣ ಗ್ಯಾರೇಜ್ ಸರ್, ಹದಿನೈದು ವರ್ಷದಿಂದ ಇದೇ ಕೆಲಸ. ಮೈಸೂರಿನವರು ಹೇಳಿದ್ದು ಸರಿ. ನಾನು ಇನ್ನೊಂದು ಕಡೆ ಕೈ ತೋರಿಸ್ತೀನಿ: ವೈರ್.

ಹೆಡರ್ ಹಾಕಿದ ಮೇಲೆ ಸೆನ್ಸರ್ ಕೂರುವ ಜಾಗ ಬದಲಾಗುತ್ತೆ. ವೈರ್ ಸಾಲಲ್ಲ, ಎಳೆದು ಸಿಕ್ಕಿಸ್ತಾರೆ. ಕ್ಲಿಪ್ ಹಾಕೋದು ಮರೀತಾರೆ. ವೈರ್ ಹೋಗಿ ಬಿಸಿ ಪೈಪ್ ಮೇಲೆ ಕೂರುತ್ತೆ. ಹೋದ ವರ್ಷ ಒಂದು ಗಾಡಿ ಬಂದಿತ್ತು, ಪಿ0135 ಮತ್ತು ಪಿ0141 ಎರಡೂ ಒಟ್ಟಿಗೆ. ಇವು ಸೆನ್ಸರ್ ಒಳಗಿನ ಹೀಟರ್ ಕೋಡ್. ಬೇರೆ ಕಡೆ ಎರಡೂ ಸೆನ್ಸರ್ ಬದಲಿಸಿ ಆಗಿತ್ತು, ಲೈಟ್ ಆರಿರಲಿಲ್ಲ. ಎರಡು ಹೀಟರ್ ಒಂದೇ ದಿನ ಸಾಯೋದು ಅಂದರೆ ಲಾಟರಿ ಹೊಡೆದ ಹಾಗೆ. ಎರಡಕ್ಕೂ ಕೂಡಿದ್ದು ಏನು ಅಂತ ನೋಡಬೇಕು. ಆ ಗಾಡಿಯಲ್ಲಿ ಒಂದೇ ಫ್ಯೂಸ್‌ನಿಂದ ಎರಡಕ್ಕೂ ಕರೆಂಟ್ ಹೋಗ್ತಿತ್ತು, ಆ ಫ್ಯೂಸ್ ಹಾರಿತ್ತು. ಯಾಕೆ ಹಾರಿತು? ಹಿಂದಿನ ಸೆನ್ಸರ್ ವೈರಿನ ತೋಳು ಕರಗಿ, ತಾಮ್ರ ಪೈಪಿಗೆ ತಾಗಿ ಶಾರ್ಟ್ ಆಗಿತ್ತು. ಕರಗಿದ ಜಾಗ ಒಂದು ಅಕ್ಕಿಕಾಳಿನಷ್ಟು.

ಸೆನ್ಸರ್‌ನಲ್ಲಿ ನಾಲ್ಕು ವೈರ್ ಇದ್ದರೆ ಒಂದೇ ಬಣ್ಣದ ಎರಡು ಹೀಟರ್‌ನವು. ಬಾಷ್‌ನಲ್ಲಿ ಎರಡು ಬಿಳಿ, ಡೆನ್ಸೋದಲ್ಲಿ ಎರಡು ಕಪ್ಪು. ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡೆಯ ಆ ಎರಡಕ್ಕೆ ಮಲ್ಟಿಮೀಟರ್ ಹಿಡಿಯಿರಿ. ತಣ್ಣಗಿದ್ದಾಗ ಕೆಲವು ಓಂನಿಂದ ಹದಿನೈದು ಓಂ ಆಸುಪಾಸು ತೋರಿಸಿದರೆ ಹೀಟರ್ ಚೆನ್ನಾಗಿದೆ. ಏನೂ ತೋರಿಸದಿದ್ದರೆ ಹೀಟರ್ ತುಂಡಾಗಿದೆ, ಆಗ ಬದಲಿಸಿ. ಹೀಟರ್ ಯಾಕೆ ಬೇಕು ಅಂದರೆ, ಸೆನ್ಸರ್ 300 ಡಿಗ್ರಿ ದಾಟದೆ ಸರಿಯಾಗಿ ಮಾತಾಡಲ್ಲ. ಹೆಡರ್‌ನಲ್ಲಿ ಅದು ಎಂಜಿನ್‌ನಿಂದ ದೂರ ಹೋದಷ್ಟೂ ತಡವಾಗಿ ಬಿಸಿಯಾಗುತ್ತೆ.

ವೈರ್ ಉದ್ದ ಮಾಡಬೇಕು ಅಂದರೆ ಸೋಲ್ಡರ್ ಬೇಡ, ಕ್ರಿಂಪ್ (ಲೋಹದ ಕೊಳವೆಯಲ್ಲಿ ಒತ್ತಿ ಸೇರಿಸೋದು) ಮಾಡಿಸಿ. ಎಷ್ಟೋ ಸೆನ್ಸರ್‌ಗಳು ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ತಗೊಳ್ಳುತ್ತವೆ. ಸೋಲ್ಡರ್ ಹಾಕಿದರೆ ಮೂಗು ಮುಚ್ಚಿದ ಹಾಗೆ. ಇನ್ನು ಪ್ಯಾಕಿಂಗ್ ಜಾಗಕ್ಕೆ ಸಿಕ್ಕ ಸಿಲಿಕೋನ್ ಬಳಿಯೋ ಅಭ್ಯಾಸ ಇದೆ ನಮ್ಮವರಿಗೆ. ಅದರ ಆವಿ ಸೆನ್ಸರ್ ತುದಿಗೆ ಬಿಳಿ ಪುಡಿ ಥರ ಕೂತು ನಿಜವಾಗ್ಲೂ ಕೊಲ್ಲುತ್ತೆ. ಟ್ಯೂಬ್ ಮೇಲೆ ಸೆನ್ಸರ್ ಸೇಫ್ ಅಂತ ಬರೆದಿದೆಯಾ ನೋಡಿ. ಪೈಪ್ ವೆಲ್ಡಿಂಗ್ ಮಾಡಿಸುವಾಗ ಸೆನ್ಸರ್ ಬಿಚ್ಚಿಟ್ಟಿದ್ದರಾ ಅಂತಲೂ ಕೇಳಿ.

ಬೆಂಗಳೂರಿನ ತಮ್ಮಾ, ಸ್ಪೇಸರ್ ಹಿಂದಿನ ಸೆನ್ಸರ್ ಬಾಯಿ ಮುಚ್ಚಿಸುತ್ತೆ. ಈ ಸರ್‌ಗೆ ಪೆಟ್ರೋಲ್ ಕುಡಿಸ್ತಿರೋದು ಮುಂದಿನ ಸೆನ್ಸರ್ ಕಡೆಯ ತೊಂದರೆ. 13 ಮತ್ತೆ 17 ಆಗಲ್ಲ.

ಸ್ಯಾನ್ ಹೋಸೆಯಿಂದ

ಸ್ಪೇಸರ್ ವಿಷಯಕ್ಕೆ ನನ್ನದೊಂದು ಕಥೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಪಾಸಾಗದೆ ಗಾಡಿಯ ರಿಜಿಸ್ಟ್ರೇಶನ್ ಮುಂದುವರಿಯಲ್ಲ. ನಾನು ಹಳೇ ಕೂಪೆ ಒಂದನ್ನು ತಗೊಂಡೆ. ಹಿಂದಿನ ಓನರ್ ಸ್ಪೇಸರ್ ಹಾಕಿದ್ದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಕಣ್ಣಿನಿಂದಲೂ ತಪಾಸಣೆ ಮಾಡ್ತಾರೆ. ಟೆಕ್ನಿಶಿಯನ್ ಟಾರ್ಚ್ ಬಿಟ್ಟು ನೋಡಿದ, ಫೇಲ್ ಅಂದ. ಬೇರೆ ಕಂಪನಿಯ ಕ್ಯಾಟ್‌ಕಾನ್ ಹಾಕಿಸೋಣ ಅಂದರೆ ಅದರ ಮೇಲೆ ಇಲ್ಲಿನ ವಾಯು ಮಂಡಳಿ ಕೊಟ್ಟ ಇಓ ನಂಬರ್ (ಒಪ್ಪಿಗೆಯ ಸಂಖ್ಯೆ) ಇರಲೇಬೇಕು. ಜೇಬು ಖಾಲಿ.

ಕೋಡ್ ಅಳಿಸಿ ಮಾರನೇ ದಿನ ಟೆಸ್ಟ್‌ಗೆ ಹೋಗೋಣ ಅನ್ನೋ ಬುದ್ಧಿವಂತಿಕೆಯೂ ನಡೆಯಲ್ಲ. ಅಳಿಸಿದರೆ ರೆಡಿನೆಸ್ ಮಾನಿಟರ್‌ಗಳೂ (ಕಾರು ತನ್ನ ಒಂದೊಂದು ಭಾಗವನ್ನು ತಾನೇ ಪರೀಕ್ಷಿಸಿ ಮುಗಿಸಿದೆಯಾ ಅನ್ನೋ ದಾಖಲೆ) ಸೊನ್ನೆಗೆ ಹೋಗ್ತವೆ. 2000ನೇ ಇಸವಿ ಮತ್ತು ಆಮೇಲಿನ ಪೆಟ್ರೋಲ್ ಕಾರಿನಲ್ಲಿ ಇವ್ಯಾಪ್ (ಪೆಟ್ರೋಲ್ ಆವಿ ತಡೆಯುವ ವ್ಯವಸ್ಥೆ) ಮಾನಿಟರ್ ಒಂದು ಬಾಕಿ ಇದ್ದರೆ ಬಿಡ್ತಾರೆ, ಕ್ಯಾಟ್‌ಕಾನ್ ಮಾನಿಟರ್ ಬಾಕಿ ಇದ್ದರೆ ವಾಪಸ್ ಕಳಿಸ್ತಾರೆ. ನಿಮಗೂ ಆ್ಯಪ್‌ನಲ್ಲಿ ಈ ಮಾನಿಟರ್ ಪಟ್ಟಿ ಕಾಣುತ್ತೆ. ರಿಪೇರಿ ಆದ ಮೇಲೆ ಲೈಟ್ ಆರಿದೆ ಅಂತ ಖುಷಿಪಡಬೇಡಿ, ಕ್ಯಾಟಲಿಸ್ಟ್ ಮಾನಿಟರ್ ಪೂರ್ತಿ ಆಗಿದೆಯಾ ನೋಡಿ.

ಮೈಸೂರಿನಿಂದ, ಮತ್ತೆ

ನಮ್ಮಲ್ಲೂ ಪೂರ್ತಿ ಬಿಟ್ಟಿಲ್ಲ. ಬಿಎಸ್ 4 ಪೆಟ್ರೋಲ್ ಕಾರಿಗೆ ಪಿಯುಸಿಯಲ್ಲಿ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಶೇಕಡಾ ದಾಟಬಾರದು. ಕ್ಯಾಟ್‌ಕಾನ್ ಇಲ್ಲದೆ ಅದರೊಳಗೆ ಬರೋದು ಕಷ್ಟ. ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿ ಆದ ಮೇಲೆ ಒಪ್ಪಿಗೆ ಇಲ್ಲದ ಒಂದೊಂದು ಮಾರ್ಪಾಡಿಗೂ 5 ಸಾವಿರ ದಂಡ ಇದೆ. ಹೇಳದೇ ಬಿಟ್ಟ ಇನ್ನೊಂದು ಮಾತು: ಲೀಕ್ ಸರಿ ಮಾಡೋವರೆಗೆ ಗಾಜು ಸ್ವಲ್ಪ ಇಳಿಸಿ ಓಡಿಸಿ. ಬಾನೆಟ್ ಒಳಗಿನ ಹೊಗೆ ಎಸಿ ಗಾಳಿಯ ಜೊತೆ ಕ್ಯಾಬಿನ್‌ಗೆ ಬರಬಹುದು. ಮಕ್ಕಳನ್ನು ಕೂರಿಸ್ಕೊಂಡು ಓಡಾಡ್ತೀರಲ್ವಾ.

ಕೇಳಿದವರು, ಹನ್ನೆರಡು ದಿನದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಏನಾಯ್ತು ಅಂತ ಬರೀತೀನಿ, ಇನ್ಯಾರಿಗಾದರೂ ಬೇಕಾಗಬಹುದು.

ಅಡಾಪ್ಟರ್ ತರಿಸಿದೆ. ಟ್ರಿಮ್ ಐಡಲ್‌ನಲ್ಲಿ ಪ್ಲಸ್ 21, ಆರ್‌ಪಿಎಂ ಏರಿಸಿದರೆ 6. ಆಕ್ಸಿಲರೇಟರ್ ಗಕ್ಕನೆ ಒತ್ತಿದರೆ ಮುಂದಿನ ಸೆನ್ಸರ್ 0.88ಕ್ಕೆ ಹಾರಿತು. ಅಲ್ಲಿಗೆ ಅರ್ಧ ಧೈರ್ಯ ಬಂತು. ಎರಡೂ ಗ್ರಾಫ್ ಒಟ್ಟಿಗೇ ಕುಣೀತಿದ್ದವು, ಸೇಮ್ ಟು ಸೇಮ್.

ಭಾನುವಾರ ಬೆಳಿಗ್ಗೆ ವ್ಯಾಕ್ಯೂಮ್ ಕ್ಲೀನರ್ ತೆಗೆದಿದ್ದಕ್ಕೆ ಮನೆಯವರ ಹತ್ತಿರ ಬೈಸ್ಕೊಂಡೆ. ನೊರೆ ಎದ್ದಿದ್ದು ಫ್ಲಾಂಜಿನಲ್ಲಲ್ಲ. ಸೆನ್ಸರ್ ಕೂರಿಸೋಕೆ ಹೆಡರ್‌ಗೆ ಬೆಸೆದ ನಟ್ ಇದೆಯಲ್ಲ, ಅದರ ಬುಡದಲ್ಲಿ. ವೆಲ್ಡಿಂಗ್ ಅರ್ಧ ಸುತ್ತು ಮಾತ್ರ ಸರಿಯಾಗಿ ಕೂತಿತ್ತು. ಮಿಕ್ಕಿದ್ದರಲ್ಲಿ ಗುಂಡುಸೂಜಿ ತೂರುವಷ್ಟು ತೂತು, ಅದೂ ಸೆನ್ಸರ್ ಪಕ್ಕದಲ್ಲೇ. ಹುಬ್ಬಳ್ಳಿಯವರು ಹೇಳಿದ ಹಾಗೆ ವೈರೂ ನೋಡಿದೆ. ಒಂದು ಕಡೆ ತೋಳು ಕಂದು ಬಣ್ಣಕ್ಕೆ ತಿರುಗಿತ್ತು, ಇನ್ನೊಂದು ತಿಂಗಳು ಬಿಟ್ಟಿದ್ದರೆ ಕರಗ್ತಿತ್ತು.

ಹಳೇ ಮ್ಯಾನಿಫೋಲ್ಡ್ ಡಿಕ್ಕಿಯಲ್ಲೇ ಇತ್ತು! ಗೋಣಿಚೀಲದಲ್ಲಿ ಸುತ್ತಿ ಕೊಟ್ಟಿದ್ದರು, ನಾನು ತೆಗೆದೂ ನೋಡಿರಲಿಲ್ಲ. ಹೊಟ್ಟೆ ಉಬ್ಬಿದ ಡಬ್ಬ ಅದರಲ್ಲೇ ಇದೆ. ತೂತು ಮುಚ್ಚಿಸಿ ಹೆಡರ್ ಇಟ್ಕೊಳ್ಳೋದಾ, ಹಳೇದು ಹಾಕೋದಾ ಅಂತ ಎರಡು ದಿನ ಯೋಚಿಸಿದೆ. ಹೆಡರ್‌ನಿಂದ ಎಳೆತ ಜಾಸ್ತಿ ಆಯ್ತು ಅಂತ ಅಂದ್ಕೊಂಡಿದ್ದೆ, ನಿಜ ಹೇಳಬೇಕಂದರೆ ಜಾಸ್ತಿ ಆಗಿದ್ದು ಸದ್ದು. ಹೊಸ ಪ್ಯಾಕಿಂಗ್ ಜೊತೆ ಹಳೇದನ್ನೇ ಹಾಕಿಸಿದೆ. ಪ್ಯಾಕಿಂಗ್ 420, ಕೂಲಿ 1,500.

ನಿನ್ನೆಗೆ 380 ಕಿ.ಮೀ. ಆಯ್ತು. ಟ್ರಿಮ್ ಪ್ಲಸ್ 3. ಕ್ಯಾಟಲಿಸ್ಟ್ ಮಾನಿಟರ್ ಪೂರ್ತಿ ಆಗಿದೆ, ಕೋಡ್ ಇಲ್ಲ. ಮೈಲೇಜ್ 16.4 ಬಂತು. ಸೆನ್ಸರ್ ಎರಡೂ ಹಳೆಯವೇ. ಹೆಡರ್ ಅಟ್ಟದ ಮೇಲಿದೆ, ಮಾರೋಣ ಅಂದರೆ ಆ ತೂತಿನ ವಿಷಯ ಹೇಳಿ ಮಾರಬೇಕು.