ಎಲ್‌ಡಿಒ ಲೈಟ್ ಲೋಡಲ್ಲಿ ಆಸಿಲೇಟ್ ಆಗ್ತಿದೆ, ಸಹಾಯ ಬೇಕು
ನಮಸ್ಕಾರ ಎಲ್ರಿಗೂ, ಎಂಟೆಕ್ ಪ್ರಾಜೆಕ್ಟಿಗೆ 180 ನ್ಯಾನೋಮೀಟರ್ ಚಿಪ್ ಪ್ರೋಸೆಸಲ್ಲಿ ಎಲ್‌ಡಿಒ (ಇನ್‌ಪುಟ್ ವೋಲ್ಟೇಜ್ ಇಳಿಸಿ ಔಟ್‌ಪುಟ್ ಸ್ಥಿರವಾಗಿಡೋ ರೆಗ್ಯುಲೇಟರ್) ಮಾಡ್ತಿದೀನಿ, 1.8 ವೋಲ್ಟ್ ಇನ್‌ಪುಟ್, 1.2 ಔಟ್‌ಪುಟ್, ಲೋಡ್ 50 ಮಿಲಿಆಂಪ್ ತನಕ, ಹೊರಗಡೆ ಕೆಪಾಸಿಟರ್ ಇಲ್ಲ, ಚಿಪ್ ಒಳಗಿನ 100 ಪಿಕೋಫ್ಯಾರಡ್ ಅಷ್ಟೇ.

ಫುಲ್ ಲೋಡಲ್ಲಿ ಫೇಸ್ ಮಾರ್ಜಿನ್ (ಆಸಿಲೇಶನ್ನಿಂದ ಎಷ್ಟು ದೂರ ಇದೀವಿ ಅನ್ನೋ ಅಳತೆ) 62 ಡಿಗ್ರಿ, ಆರಾಮಾಗಿದೆ. ಲೋಡ್ 100 ಮೈಕ್ರೋಆಂಪಿಗೆ ಇಳಿಸಿದ್ರೆ 18ಕ್ಕೆ ಬಿದ್ದೋಗತ್ತೆ, ಔಟ್‌ಪುಟ್ ಪೋಲ್ (ಅಲ್ಲಿಂದ ಗೇನ್ ಇಳಿಯೋಕೆ ಶುರುವಾಗೋ ಫ್ರೀಕ್ವೆನ್ಸಿ) ಕೆಳಗಿಳಿದು ಬರೋದ್ರಿಂದ ಅಂತ ಗೊತ್ತಾಯ್ತು, ಆದ್ರೆ ಲೂಪ್ ಸ್ಟೇಬಲ್ ಮಾಡೋಕೆ ಹಾಕಿರೋ ಮಿಲ್ಲರ್ ಕೆಪಾಸಿಟರ್ ಜಾಸ್ತಿ ಮಾಡಿದ್ರೆ, ಲೋಡಿಗೆ ಕರೆಂಟ್ ಕೊಡೋ ಪಾಸ್ ಟ್ರಾನ್ಸಿಸ್ಟರ್ ಗೇಟ್ ನಿಧಾನ ಆಗಿ ಲೋಡ್ ದಿಢೀರ್ ಏರಿದಾಗ ಔಟ್‌ಪುಟ್ 300 ಮಿಲಿವೋಲ್ಟ್ ಕುಸಿಯತ್ತೆ. ಆ ಕಡೆ ಎಳೆದ್ರೆ ಈ ಕಡೆ ಹರಿಯತ್ತೆ ಅನ್ನೋ ಹಾಗಾಗಿದೆ ನನ್ ಕಥೆ.

ಔಟ್‌ಪುಟ್ಟಿಗೆ ಒಂದು ರೆಸಿಸ್ಟರ್ ಹಾಕಿ ಮಿನಿಮಮ್ ಲೋಡ್ ಏರಿಸಿದೆ, ಸ್ಟೇಬಲ್ ಆಯ್ತು, ಆದ್ರೆ ಸುಮ್ನೆ ಕರೆಂಟ್ ದಂಡ. ಮೊದ್ಲೇ 1.8ರಿಂದ 1.2 ಅಂದ್ರೆ ಎಫಿಶಿಯೆನ್ಸಿ 67 ಪರ್ಸೆಂಟ್ ದಾಟಲ್ಲ. ಬಕ್ (ಇಂಡಕ್ಟರ್ ಬಳಸೋ ಸ್ವಿಚಿಂಗ್ ಕನ್ವರ್ಟರ್) ಮಾಡು ಅಂತೀರೇನೋ, ಇಂಡಕ್ಟರಿಗೆ ಜಾಗ ಇಲ್ಲ ಸ್ವಾಮಿ.

ಗೇಟನ್ನ ಬೇಗ ಓಡಿಸೋಕೆ ಅದಕ್ಕೆ ಮುಂಚೆ ಬಫರ್ ಹಾಕ್ಲಾ, ಇಲ್ಲಾ ಲೋಡ್ ನೋಡ್ಕೊಂಡು ಬಯಾಸ್ ಕರೆಂಟ್ ಏರೋ ಥರ ಅಡಾಪ್ಟಿವ್ ಬಯಾಸಿಂಗಿಗೆ ಹೋಗ್ಲಾ? ಮಾಡಿದೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್, ಮುಂದಿನ ವಾರ ರಿವ್ಯೂ ಇದೆ. ಬೋಡೆ ಪ್ಲಾಟ್ (ಫ್ರೀಕ್ವೆನ್ಸಿ ಜೊತೆ ಗೇನ್, ಫೇಸ್ ಹೇಗೆ ಬದಲಾಗತ್ತೆ ಅನ್ನೋ ಗ್ರಾಫ್) ಬೇಕಂದ್ರೆ ಹಾಕ್ತೀನಿ.